ಪಿಕಪ್ ಗಾಡಿ ತಗ್ಗಿಸುವಿಕೆ

ಪಿಕಪ್ ಗಾಡಿ ತಗ್ಗಿಸುವಿಕೆ: ಸಣ್ಣ ಸರಕು ವಾಹನದ ಮೈ ನೆಲಕ್ಕೆ ಹತ್ತಿರವಾಗುವಂತೆ ಅದರ ಸಸ್ಪೆನ್ಷನ್ ಬದಲಾಯಿಸುವ ಕೆಲಸ. ಗ್ಯಾರೇಜಿನ ಮಾತಿನಲ್ಲಿ ಇದು 'ಗಾಡಿ ಇಳಿಸೋದು'. ಅದೇ ಗ್ಯಾರೇಜಿನಲ್ಲಿ ಕೇಳಿಬರುವ 'ಗಾಡಿ ಕೂತಿದೆ' ಎಂಬ ಮಾತಿನ ಅರ್ಥ ಬೇರೆ. ಭಾರ ಹೊತ್ತು ಹೊತ್ತು ಪಟ್ಟಾ (ಉಕ್ಕಿನ ಪ್ಲೇಟುಗಳ ಸ್ಪ್ರಿಂಗ್) ಕಸುವು ಕಳೆದುಕೊಂಡಿದೆ, ಅದರ ಬಾಗು ನೆಟ್ಟಗಾಗಿ ಹಿಂಭಾಗ ಜೋತುಬಿದ್ದಿದೆ ಎಂದು ಅದರ ತಾತ್ಪರ್ಯ. ಮೊದಲನೆಯದು ದುಡ್ಡು ಕೊಟ್ಟು ಮಾಡಿಸಿಕೊಂಡದ್ದು, ಎರಡನೆಯದು ಕೇಳದೆ ಬಂದದ್ದು. ದೂರದಿಂದ ನೋಡಿದರೆ ಎರಡೂ ಒಂದೇ ಥರ. ಗುಂಡಿಗೆ ಬಿದ್ದಾಗ ಎರಡರ ಸದ್ದೂ ಒಂದೇ.

ಕರ್ನಾಟಕದಲ್ಲಿ ಹಳೇ ಪಿಕಪ್ಪನ್ನು ಪಟ್ಟಾ ಕೆಲಸಕ್ಕೆ ಬಿಡುವವರು ಸಾಮಾನ್ಯವಾಗಿ ಕೇಳುವುದು ಇಳಿಸಲಿಕ್ಕಲ್ಲ, ಏರಿಸಲಿಕ್ಕೆ. 'ಇನ್ನೊಂದು ಪ್ಲೇಟ್ ಹಾಕಿಬಿಡಿ' ಎಂಬುದು ಸರಕು ಗಾಡಿಯವರ ನಿತ್ಯದ ಬೇಡಿಕೆ. ಇಳಿಸುವ ಹವ್ಯಾಸ ಇಲ್ಲಿ ಕಾರುಗಳ ಕಡೆಯಿಂದ, ಅದಕ್ಕೂ ಹಿಂದೆ ಅಮೆರಿಕದ ಬೀದಿಗಳಿಂದ ಬಂದದ್ದು. ಎರಡೂ ಕೆಲಸಕ್ಕೆ ಬಿಚ್ಚಬೇಕಾದ ಬೋಲ್ಟುಗಳು ಮಾತ್ರ ಅವೇ. ಹಾಗಾಗಿ ಏರಿಸುವುದನ್ನು ತಿಳಿಯದೆ ಇಳಿಸುವುದನ್ನು ತಿಳಿಯಲಾಗದು.

ಭಾರಕ್ಕೆ ಕಾದಿರಿಸಿದ ಜಾಗ

ಮಲ್ಲೇಶ್ವರದ ಸಂಪಿಗೆ ರಸ್ತೆ ಎಂಟನೇ ಕ್ರಾಸನ್ನು ಕೂಡುವ ಕಡೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳಗ್ಗೆ ಹತ್ತು ನಿಮಿಷ ನಿಂತರೆ ಈ ಪಾಠದ ಅರ್ಧ ಮುಗಿಯುತ್ತದೆ. ಬಾಳೆಕಂದು, ಸೇವಂತಿಗೆ ಮೂಟೆ, ತೆಂಗಿನಕಾಯಿ ಚೀಲ ಹೇರಿಕೊಂಡ ಟಾಟಾ ಏಸ್ ಬಂದು ನಿಂತಾಗ ಅದರ ಹಿಂದಿನ ಪಟ್ಟಾ ಹೆಚ್ಚುಕಡಿಮೆ ನೆಟ್ಟಗಾಗಿರುತ್ತದೆ. ಟೈರಿಗೂ ಅದರ ಮೇಲಿನ ತಗಡಿಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು. ಚೀಲ ಇಳಿದಂತೆಲ್ಲ ಮೈ ಬೆರಳು ಬೆರಳಾಗಿ ಮೇಲೇಳುತ್ತದೆ. ಕೊನೆಯ ಮೂಟೆ ಇಳಿಯುವ ಹೊತ್ತಿಗೆ ಪಟ್ಟಾ ಮತ್ತೆ ಬಿಲ್ಲಿನಂತೆ ಬಾಗಿ, ಆ ಸಂದಿನಲ್ಲಿ ಮುಷ್ಟಿ ಹಿಡಿಸುತ್ತದೆ.

ಗಾಡಿಯ ಅಂದ ನೋಡುವವರ ಕಣ್ಣಿಗೆ ಚುಚ್ಚುವುದು ಈ ಮುಷ್ಟಿಯಗಲದ ಸಂದೇ. ಖಾಲಿ ಪಿಕಪ್ಪು ಬೆನ್ನೆತ್ತಿ ಮೂಗು ಬಗ್ಗಿಸಿ ನಿಂತಂತೆ ಕಾಣುತ್ತದೆ, ನಿಜ. ಆದರೆ ಆ ಸಂದು ಸುಮ್ಮನೆ ಬಿಟ್ಟದ್ದಲ್ಲ, ಹೊರೆಗೆಂದು ಕಾದಿರಿಸಿದ ಜಾಗ. ಪಿಕಪ್ಪನ್ನು ತಗ್ಗಿಸುವುದೆಂದರೆ, ಮುಂದೆ ಹೊರಬೇಕಾದ ಭಾರಕ್ಕೆ ಮೀಸಲಿದ್ದ ಜಾಗವನ್ನು ಖಾಲಿ ಗಾಡಿಯೇ ತಿಂದುಬಿಡುವುದು. ಕಾರಿನಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಐದು ಜನ ಕೂತರೂ ಅದರ ತೂಕ ಕಾಲುಪಾಲಿನಷ್ಟು ಹೆಚ್ಚಬಹುದು, ಅಷ್ಟೇ. 2005ರಲ್ಲಿ ಬಂದ ಟಾಟಾ ಏಸ್ 702 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಇಟ್ಟುಕೊಂಡು 750 ಕಿಲೋ ಹೊರುವಂತೆ ರೂಪಿಸಿದ ಗಾಡಿ. ಆ ಹೊರೆ ಗಾಡಿಯ ಸ್ವಂತ ತೂಕಕ್ಕೆ ಹತ್ತಿರ ಹತ್ತಿರ. ಜನ ಅದನ್ನು 'ಛೋಟಾ ಹಾಥಿ' ಎಂದು ಕರೆದದ್ದು ಸುಮ್ಮನಲ್ಲ.

ಇದಕ್ಕೊಂದು ಸರಳ ಲೆಕ್ಕವಿದೆ. ಸ್ಪ್ರಿಂಗು ಭಾರಕ್ಕೆ ಎಷ್ಟು ಸೆಂಟಿಮೀಟರ್ ಕುಗ್ಗಿದೆಯೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿದರೆ, ಗಾಡಿಯ ಮೈ ಸೆಕೆಂಡಿಗೆ ಎಷ್ಟು ಸಲ ಜೀಕುತ್ತದೆ ಎಂಬುದು ಸಿಗುತ್ತದೆ. ಖಾಲಿ ಗಾಡಿಯ ಹಿಂದಿನ ಪಟ್ಟಾ 4 ಸೆಂಟಿಮೀಟರ್ ಕುಗ್ಗಿದ್ದರೆ ಉತ್ತರ ಎರಡೂವರೆ. ಲೋಡ್ ಬಿದ್ದು 12 ಸೆಂಟಿಮೀಟರ್ ಕುಗ್ಗಿದರೆ ಸುಮಾರು 1.4. ನಡಿಗೆಯ ಲಯಕ್ಕೆ ಒಗ್ಗಿದ ಮನುಷ್ಯನ ಮೈಗೆ ಹಿತವಾಗುವುದು ಎರಡನೆಯದು, ಮೊದಲನೆಯದು ಸೊಂಟ ಮುರಿಯುತ್ತದೆ. 'ಲೋಡ್ ಇದ್ರೇನೇ ಗಾಡಿ ಚೆನ್ನಾಗಿ ಹೋಗೋದು' ಎಂದು ಡ್ರೈವರುಗಳು ಹೇಳುವುದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಹಿನ್ನೆಲೆ

ಎತ್ತಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಮೈ ಕೂರುತ್ತಿತ್ತು, ಹಾದಿಯ ಕಲ್ಲೆಲ್ಲ ಕೂತವರ ಬೆನ್ನಿಗೆ. ಪಟ್ಟಾ ಸ್ಪ್ರಿಂಗನ್ನು ಕುದುರೆಗಾಡಿಗೆ ಕಟ್ಟಿ ಪ್ರಸಿದ್ಧಿಗೆ ತಂದವನು ಇಂಗ್ಲೆಂಡಿನ ಒಬಡಯಾ ಎಲಿಯಟ್, 1804ರಲ್ಲಿ. 1898ರ ಪ್ಲೇಗಿನ ತರುವಾಯ ಬಸವನಗುಡಿಯ ಜೊತೆಗೆ ಮಲ್ಲೇಶ್ವರ ಬಡಾವಣೆಯಾಗಿ ಬೆಳೆದಾಗ ಇಲ್ಲಿನ ಬೀದಿಗಳಲ್ಲಿ ಓಡಾಡಿದ್ದು ಜಟಕಾಗಳು. ಮೈಸೂರಿನಲ್ಲಿ ಇವತ್ತಿಗೂ ಉಳಿದಿರುವ ಟಾಂಗಾದ ಕೆಳಗೆ ಬಗ್ಗಿ ನೋಡಿದರೆ ಪಿಕಪ್ಪಿನ ಪಟ್ಟಾದ ಅಜ್ಜನನ್ನು ಕಾಣಬಹುದು. ಇನ್ನೂರು ವರ್ಷದಲ್ಲಿ ಉಕ್ಕು ಬದಲಾಗಿದೆ, ಉಪಾಯ ಬದಲಾಗಿಲ್ಲ.

ಕಾರ್ಖಾನೆಯಿಂದಲೇ ಪಿಕಪ್ ಮೈ ಕಟ್ಟಿಸಿಕೊಂಡು ಬಂದ ಮೊದಲ ಗಾಡಿಗಳಲ್ಲಿ ಫೋರ್ಡ್ ಕಂಪನಿಯ 1925ರ ಮಾಡೆಲ್ ಟಿ ಹೆಸರಾದದ್ದು. ಮುಂದೆ ಕಾರು, ಹಿಂದೆ ತೊಟ್ಟಿ ಎಂಬ 'ಯೂಟ್' ಆಸ್ಟ್ರೇಲಿಯಾದಲ್ಲಿ 1934ರಲ್ಲಿ ಹುಟ್ಟಿತು. ನಮ್ಮಲ್ಲಿ ಸಣ್ಣ ಸರಕು ಗಾಡಿ ಯಾವುದಾದರೂ ಸರಿ 'ಟೆಂಪೋ' ಆಗಿಬಿಟ್ಟಿರುವುದಕ್ಕೆ ಕಾರಣ ಜರ್ಮನಿಯ ಹ್ಯಾಂಬರ್ಗ್ ಕಡೆಯ ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ಆ ಹೆಸರು ಹೊತ್ತು 1958ರಲ್ಲಿ ಇಲ್ಲಿ ಬೇರುಬಿಟ್ಟ ಬಜಾಜ್ ಟೆಂಪೋ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಜನರ ಬಾಯಲ್ಲಿ ಟೆಂಪೋ ಟೆಂಪೋ ಆಗಿಯೇ ಇದೆ. ಆ ಕಂಪನಿಯ ಮಟಡೋರ್ ಮುಂದಿನ ಚಕ್ರದಿಂದ ಓಡುವ ಗಾಡಿ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲದ್ದರಿಂದ ನೆಲಹಾಸನ್ನು ತಗ್ಗಿನಲ್ಲಿಡಲು ಅನುಕೂಲವಾಯಿತು. ತಗ್ಗಾದ ಗಾಡಿ ಬೇಕೆಂದರೆ ಹೀಗೆ ನಕ್ಷೆಯಲ್ಲೇ ತಗ್ಗಿಸಬೇಕು, ಪಟ್ಟಾ ಕೂರಿಸಿಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 1988ರ ಟಾಟಾ ಮೊಬೈಲ್ 206 ಮತ್ತು ಅದರ ಮುಂದಿನ ಪೀಳಿಗೆಯ 207, ಮಹೀಂದ್ರಾದ ಜೀಪ್ ಮೂಲದ ಪಿಕಪ್‌ಗಳು, ಇತ್ತೀಚೆಗೆ ಬಿಡದಿಯಿಂದ ಹೊರಬರುತ್ತಿರುವ ಟೊಯೋಟ ಹೈಲಕ್ಸ್, ಇವೆಲ್ಲ ಹಿಂದೆ ಪಟ್ಟಾವನ್ನೇ ನಂಬಿದವು.

ಇನ್ನು ಇಳಿಸುವ ಶೋಕಿ. ಎರಡನೇ ಮಹಾಯುದ್ಧದ ನಂತರ ಲಾಸ್ ಏಂಜಲೀಸಿನ ಮೆಕ್ಸಿಕನ್ ಮೂಲದ ಹುಡುಗರು ಹಳೇ ಕಾರುಗಳ ಡಿಕ್ಕಿಯಲ್ಲಿ ಮರಳು ಚೀಲ, ಸಿಮೆಂಟ್ ಚೀಲ ಹಾಕಿ ಹಿಂಭಾಗ ಕೂರಿಸಿ ಮೆಲ್ಲಗೆ ಓಡಿಸುತ್ತಿದ್ದರು. ಎಂಟನೇ ಕ್ರಾಸಿನ ಏಸ್‌ಗೂ ಅವರ ಕಾರಿಗೂ ಕಾಣಲು ವ್ಯತ್ಯಾಸವಿಲ್ಲ. ಇಲ್ಲಿ ಚೀಲ ಸಾಗಿಸಲು ಗಾಡಿ ಕೂರುತ್ತದೆ, ಅಲ್ಲಿ ಗಾಡಿ ಕೂರಲೆಂದು ಚೀಲ. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ಸರ್ಕಾರ, ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗೆ ಗಾಡಿಯ ಯಾವ ಭಾಗವೂ ಇಳಿಯಕೂಡದೆಂದು ಕಾನೂನು ಮಾಡಿತು. ಬೇಕೆಂದಾಗ ಏರಿಸಿ ಬೇಡವಾದಾಗ ಇಳಿಸುವ ಹೈಡ್ರಾಲಿಕ್ ಪಂಪುಗಳು ಅದರ ಬೆನ್ನಿಗೇ ಬಂದವು. ಡಾಟ್ಸನ್, ಟೊಯೋಟ, ಮಜ್ದಾ ಕಂಪನಿಗಳ ಅಗ್ಗದ ಸಣ್ಣ ಪಿಕಪ್‌ಗಳು, ಆಮೇಲೆ 1982ರ ಷೆವರ್ಲೆ ಎಸ್-10 ಹುಡುಗರ ಕೈಗೆಟುಕಿದ ಮೇಲೆ 'ಮಿನಿ ಟ್ರಕ್' ಎಂಬ ಪಂಥವೇ ಎದ್ದಿತು.

ಪಟ್ಟಾದ ಒಳಗು, ಇಳಿಸುವ ದಾರಿಗಳು

ಪಟ್ಟಾ ಎಂದರೆ ಸ್ಪ್ರಿಂಗ್ ಉಕ್ಕಿನ ಕೆಲವು ಪ್ಲೇಟುಗಳ ಕಟ್ಟು. ಎಲ್ಲಕ್ಕಿಂತ ಉದ್ದದ್ದು ಮೇನ್ ಪ್ಲೇಟ್. ಅದರ ಎರಡು ತುದಿ ಸುರುಳಿ ಸುತ್ತಿ ಕಣ್ಣಾಗಿರುತ್ತದೆ, ಕಣ್ಣಿನೊಳಗೆ ಬುಶ್. ಒಂದು ಕಣ್ಣು ಚಾಸಿಗೆ (ಗಾಡಿಯ ಉಕ್ಕಿನ ಚೌಕಟ್ಟಿಗೆ) ನೇರ ಸಿಕ್ಕಿಕೊಂಡರೆ ಇನ್ನೊಂದು ಶ್ಯಾಕಲ್ ಎಂಬ ತೂಗುಕೊಂಡಿಯ ಮೂಲಕ ತೂಗುತ್ತದೆ, ಏಕೆಂದರೆ ಬಾಗು ನೆಟ್ಟಗಾದಾಗ ಪಟ್ಟಾ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಬೇಕು. ಮೇನ್ ಪ್ಲೇಟಿನ ಕೆಳಗೆ ಒಂದಕ್ಕಿಂತ ಒಂದು ಗಿಡ್ಡವಾದ ಪ್ಲೇಟುಗಳು, ನಡುವೆ ಎಲ್ಲವನ್ನೂ ಪೋಣಿಸುವ ಸೆಂಟರ್ ಬೋಲ್ಟ್. ಇಡೀ ಕಟ್ಟನ್ನು ಹೌಸಿಂಗಿಗೆ, ಅಂದರೆ ಹಿಂಚಕ್ರಗಳ ಅಚ್ಚಿನ ಕವಚಕ್ಕೆ, ಅವುಚಿ ಹಿಡಿಯುವುದು ಯು ಬೋಲ್ಟ್. ಕೆಲವು ಗಾಡಿಯಲ್ಲಿ ಹೆಲ್ಪರ್ ಪ್ಲೇಟ್ ಇರುತ್ತದೆ. ಖಾಲಿ ಇದ್ದಾಗ ಅದು ಸುಮ್ಮನೆ ನೋಡುತ್ತಿರುತ್ತದೆ, ಲೋಡ್ ಬಿದ್ದಾಗಷ್ಟೇ ಕೈಹಚ್ಚುತ್ತದೆ. ಒಡಕು ಬಿಟ್ಟ ಪ್ಲೇಟನ್ನು ಹಳಬರು ಸುತ್ತಿಗೆಯಿಂದ ತಟ್ಟಿ ಹಿಡಿಯುತ್ತಾರೆ. ಗಟ್ಟಿ ಪ್ಲೇಟ್ ಠಣ್ಣೆನ್ನುತ್ತದೆ, ಒಡೆದದ್ದು ಮಂಕಾಗಿ ಸದ್ದು ಮಾಡುತ್ತದೆ.

ಪ್ಲೇಟಿನ ಬಿಗಿ ಅದರ ದಪ್ಪದ ಘನದಂತೆ ಏರುತ್ತದೆ. ದಪ್ಪ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಬಿಗಿ ಮೂರರಲ್ಲೊಂದು ಪಾಲು ಹೆಚ್ಚುತ್ತದೆ. ಬೇರೆ ಗಾಡಿಯ 'ಸ್ವಲ್ಪ ದಪ್ಪ' ಪ್ಲೇಟನ್ನು ತಂದು ಸೇರಿಸಿದ ಮೇಲೆ ಗಾಡಿ ಕಟ್ಟಿಗೆಯಂತಾಯಿತೆಂದು ಗೊಣಗುವವರು ಮರೆಯುವುದು ಇದನ್ನು.

ಹಿಂಭಾಗ ಇಳಿಸುವ ದಾರಿಗಳಲ್ಲಿ ಮೊದಲು ನೋಡಬೇಕಾದದ್ದು, ಪಟ್ಟಾ ಹೌಸಿಂಗಿನ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು. ಕೆಳಗಿದ್ದರೆ ಕೆಲಸ ಸುಲಭ: ಎರಡರ ನಡುವೆ ಒಂದು ಉಕ್ಕಿನ ಬ್ಲಾಕ್ ಇಟ್ಟು ಉದ್ದದ ಯು ಬೋಲ್ಟ್ ಹಾಕಿದರೆ, ಬ್ಲಾಕ್ ಎಷ್ಟು ದಪ್ಪವೋ ಅಷ್ಟು ಗಾಡಿ ಇಳಿಯುತ್ತದೆ. ಪಟ್ಟಾ ಮೇಲಿದ್ದಾಗ ಅದೇ ಬ್ಲಾಕ್ ಇಟ್ಟರೆ ಗಾಡಿ ಏರುತ್ತದೆ. ಹೊರದೇಶದ ವಿಡಿಯೋ ನೋಡಿ ಬ್ಲಾಕ್ ಮಾಡಿಸಿ, ಜ್ಯಾಕ್ ಇಳಿಸಿದಾಗ ಗಾಡಿ ಇನ್ನಷ್ಟು ಎತ್ತರಕ್ಕೆ ನಿಂತದ್ದನ್ನು ನೋಡಿ ತಲೆ ಕೆರೆದುಕೊಳ್ಳುವುದು ಹೊಸಬರ ಪಾಲಿಗೆ ದೀಕ್ಷೆ ಇದ್ದಂತೆ. ಪಟ್ಟಾ ಮೇಲಿರುವ ಗಾಡಿಯಲ್ಲಿ ಹೌಸಿಂಗನ್ನೇ ಬಿಚ್ಚಿ ಪಟ್ಟಾದ ಮೇಲಕ್ಕೆ ತರುವುದು ಇನ್ನೊಂದು ದಾರಿ. ಹೌಸಿಂಗಿನ ದಪ್ಪ ಮತ್ತು ಪಟ್ಟಾ ಕಟ್ಟಿನ ದಪ್ಪ ಎರಡೂ ಸೇರಿ ಒಮ್ಮೆಗೇ ಐದಾರು ಇಂಚು ಇಳಿಯಬಹುದು. ಆಗ ಹೌಸಿಂಗ್ ಚಾಸಿಗೆ ಬಡಿಯುತ್ತದೆ, ಬಡಿಯದಿರಲಿ ಎಂದು ಚಾಸಿ ಕೊರೆಯುತ್ತಾರೆ, ಕೊರೆದದ್ದಕ್ಕೆ ತಗಡು ವೆಲ್ಡ್ ಮಾಡುತ್ತಾರೆ. ಭಾರ ಹೊರುವ ಗಾಡಿಯ ಬೆನ್ನೆಲುಬಿಗೆ ಗರಗಸ ಹಾಕುವ ಈ ದಾರಿಯನ್ನು ಇಲ್ಲಿ ಹೇಳಿದ್ದು ತಿಳಿದಿರಲಿ ಎಂದು ಮಾತ್ರ.

ಅತಿ ಅಗ್ಗದ್ದು ಪ್ಲೇಟ್ ತೆಗೆದುಬಿಡುವುದು. ಬ್ಲಾಕ್ ಗಾಡಿಯನ್ನು ಇಳಿಸಿದರೂ ಸ್ಪ್ರಿಂಗಿನ ಬಿಗಿಯನ್ನು ಮುಟ್ಟುವುದಿಲ್ಲ. ಪ್ಲೇಟ್ ತೆಗೆದರೆ ಎತ್ತರವೂ ಹೋಯಿತು, ಬಿಗಿಯೂ ಹೋಯಿತು. ಕುಗ್ಗಲು ಜಾಗ ಕಮ್ಮಿಯಾದ ಗಾಡಿಗೆ ಬೇಕಾದದ್ದು ಹೆಚ್ಚು ಬಿಗಿ, ಕೊಟ್ಟದ್ದು ಕಡಿಮೆ. ಇದಕ್ಕಿಂತ ಕೆಟ್ಟದ್ದು ಗ್ಯಾಸ್ ಹಿಡಿದು ಕಾಯಿಸಿ ಬಾಗು ಇಳಿಸುವುದು. ಸ್ಪ್ರಿಂಗ್ ಉಕ್ಕನ್ನು ಕೆಂಪಗೆ, ಸುಮಾರು 850 ಡಿಗ್ರಿಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಕಡಿಮೆ ಶಾಖದಲ್ಲಿ ಹದ ಮಾಡಿ ತಂದಿರುತ್ತಾರೆ. ಆ ಹದವನ್ನು ಒಂದು ಜ್ವಾಲೆ ಎರಡು ನಿಮಿಷದಲ್ಲಿ ಕೆಡಿಸುತ್ತದೆ. ಅವತ್ತು ಗಾಡಿ ಬೇಕಾದಷ್ಟೇ ಇಳಿದಿರುತ್ತದೆ, ಮುಂದಿನ ತಿಂಗಳು ಇನ್ನಷ್ಟು ಇಳಿದಿರುತ್ತದೆ. ಕಾಯಿಲ್ ಸ್ಪ್ರಿಂಗಿನ ಸುತ್ತು ಕತ್ತರಿಸುವುದೂ ಇದೇ ಜಾತಿ. ಕತ್ತರಿಸಿದ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಚಕ್ರ ಗಾಳಿಯಲ್ಲಿ ತೂಗಿದಾಗ ತನ್ನ ಗೂಡಿನಿಂದ ಜಾರುವ ಭಯವೂ ಉಂಟು. ಗೌರವದ ದಾರಿ ಒಂದೇ: ಕಡಿಮೆ ಬಾಗಿನ, ಬಿಗಿ ತುಸು ಹೆಚ್ಚಿದ ಹೊಸ ಪಟ್ಟಾ ಮಾಡಿಸುವುದು. ಖರ್ಚು ಹೆಚ್ಚು, ಆದ್ದರಿಂದಲೇ ಅಪರೂಪ.

ಮುಂಭಾಗದ ಕಥೆ ಗಾಡಿಗೊಂದು ಥರ. ಮುಂದೆಯೂ ಪಟ್ಟಾ ಇರುವ ಏಸ್‌ನಂಥವುಗಳಲ್ಲಿ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ, ಜೊತೆಗೆ ಸ್ಟೀರಿಂಗ್ ರಾಡಿನ ಕೋನ ಕೆಟ್ಟು ಪ್ರತಿ ಗುಂಡಿಗೂ ಹ್ಯಾಂಡಲ್ ಒಂದು ಕಡೆ ಎಳೆಯತೊಡಗುತ್ತದೆ. ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ಸರಳು, ಅಂದರೆ ಟಾರ್ಷನ್ ಬಾರ್, ಇರುವ ಗಾಡಿಯಲ್ಲಿ ಒಂದು ಬೋಲ್ಟ್ ಸಡಿಲಿಸಿದರೆ ಸಾಕು, ಮೂಗು ಇಳಿಯುತ್ತದೆ. ಇಷ್ಟು ಸಲೀಸಾಗಿ ಆಗುವುದರಿಂದ ಚಕ್ರಗಳ ಅಲೈನ್‌ಮೆಂಟ್ ಮಾಡಿಸುವುದನ್ನು ಜನ ಮರೆಯುತ್ತಾರೆ, ಟೈರಿನ ಒಳ ಅಂಚು ಬೋಳಾದಾಗ ನೆನಪಾಗುತ್ತದೆ.

ಕಣ್ಣಿಗೆ ಕಾಣದ ಒಂದು ತೊಡಕಿದೆ, ಇದನ್ನು ಬಲ್ಲ ಮೆಕ್ಯಾನಿಕ್ಕುಗಳೂ ಕಡಿಮೆ. ಹಲವು ಪಿಕಪ್‌ಗಳಲ್ಲಿ ಚಾಸಿಗೂ ಹೌಸಿಂಗಿಗೂ ನಡುವೆ ಸಣ್ಣ ಸರಳಿನಿಂದ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಮೈ ಕೆಳಗಿಳಿದರೆ 'ಲೋಡ್ ಬಿದ್ದಿದೆ' ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುವುದು ಅದರ ಕೆಲಸ. ಗಾಡಿ ಇಳಿಸಿ ಈ ಸರಳನ್ನು ಹಾಗೇ ಬಿಟ್ಟರೆ, ಖಾಲಿ ಗಾಡಿಯನ್ನೂ ವಾಲ್ವ್ ತುಂಬಿದ ಗಾಡಿ ಎಂದೇ ನಂಬುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಬ್ರೇಕ್ ತುಳಿದಾಗ ಹಗುರಾದ ಹಿಂಚಕ್ರಗಳು ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತದೆ. ಸರಳಿನ ಅಳತೆ ಸರಿಪಡಿಸುವುದು ಹತ್ತು ನಿಮಿಷದ ಕೆಲಸ. ಹೌಸಿಂಗಿನ ಮೂತಿ ತಿರುಗಿ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿದ್ದರೆ ಪಟ್ಟಾದ ಕೆಳಗೆ ಬೆಣೆ ಇಟ್ಟು ಸರಿಮಾಡಬೇಕು, ಇಲ್ಲವಾದರೆ ಒಂದು ವೇಗದಲ್ಲಿ ಗಾಡಿ ಗಡಗಡ ಅನ್ನುತ್ತದೆ. ಶಾಕ್ ಅಬ್ಸಾರ್ಬರ್ ಗಿಡ್ಡದ್ದು ಹಾಕಬೇಕು, ಹೆಡ್‌ಲೈಟ್ ಮತ್ತೆ ಹೊಂದಿಸಬೇಕು.

ಹಂಪ್‌ನ ಗಣಿತ

'ನಮ್ಮ ಊರಿನ ಹಂಪ್‌ಗಳಲ್ಲಿ ಇಳಿಸಿದ ಗಾಡಿ ಓಡಿಸೋಕಾಗುತ್ತಾ' ಎಂಬುದು ಎಲ್ಲರ ಮೊದಲ ಪ್ರಶ್ನೆ. ಉತ್ತರ ಅಂದುಕೊಂಡಷ್ಟು ನೇರವಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನಕದ ಪ್ರಕಾರ, 25 ಕಿಲೋಮೀಟರ್ ವೇಗದಲ್ಲಿ ದಾಟಬೇಕಾದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅದರ ಬೆನ್ನು 17 ಮೀಟರ್ ತ್ರಿಜ್ಯದ ವೃತ್ತದ ತುಣುಕು. ಏಸ್‌ನ ಮುಂದಿನ ಹಿಂದಿನ ಚಕ್ರಗಳ ನಡುವೆ 2.1 ಮೀಟರ್. ಎರಡೂ ಚಕ್ರ ಹಂಪಿನ ಮೇಲಿರುವಾಗ ನಡುವೆ ಎದ್ದು ನಿಲ್ಲುವ ಉಬ್ಬು ಲೆಕ್ಕ ಹಾಕಿದರೆ ಬರೇ 32 ಮಿಲಿಮೀಟರ್. ಮೂರು ಮೀಟರ್ ದಾಟಿದ ಚಕ್ರಾಂತರದ ಹೈಲಕ್ಸ್‌ಗೂ 70 ಮಿಲಿಮೀಟರಿನ ಆಸುಪಾಸು. ಮಾನಕಕ್ಕೆ ತಕ್ಕ ಹಂಪು ಇಳಿಸಿದ ಗಾಡಿಯ ಹೊಟ್ಟೆಯನ್ನು ಮುಟ್ಟುವುದೇ ಇಲ್ಲ. ಮುಟ್ಟುವುದು ರಾತ್ರೋರಾತ್ರಿ ಎದ್ದ, ಒಂದಡಿ ಅಗಲದ, ಗೇಣೆತ್ತರದ ಡಾಂಬರು ದಿಬ್ಬ. ಅದರ ಪೂರ್ತಿ ಎತ್ತರ ಚಕ್ರಗಳ ನಡುವೆ ಬಂದು ನಿಲ್ಲುತ್ತದೆ. ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಮನೆಯ ಮುಂದಿನ ಚರಂಡಿ ದಾಟಲು ಹಾಕಿದ ಇಳಿಜಾರು ಕಲ್ಲೂ ಇದೇ ಕೆಲಸ ಮಾಡುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಹೌಸಿಂಗಿನದು. ಗಾಡಿ ಇಳಿಸಿದರೆ ಹೌಸಿಂಗ್ ನೆಲಕ್ಕೆ ತಾಗುತ್ತದೆಂದು ಹೆದರುತ್ತಾರೆ. ಹೌಸಿಂಗ್ ಕೂತಿರುವುದು ಚಕ್ರದ ನಡುವೆ. ಅದರ ಎತ್ತರ ಟೈರಿನದೇ ಹೊರತು ಪಟ್ಟಾದ್ದಲ್ಲ. ಇಳಿಯುವುದು ಚಾಸಿ, ಸೈಲೆನ್ಸರ್, ಡೀಸೆಲ್ ಟ್ಯಾಂಕು, ಎಂಜಿನ್ನಿನ ತಳದ ಎಣ್ಣೆ ತಟ್ಟೆ. ಆದ್ದರಿಂದ ಅಳೆಯುವವರು ನೆಲದಿಂದ ಅಳೆಯಬಾರದು. ಚಕ್ರದ ನಟ್ಟನಡುವಿನಿಂದ ಮೇಲಿನ ತಗಡಿನ ಅಂಚಿಗೆ ಟೇಪು ಹಿಡಿಯಬೇಕು, ಖಾಲಿ ಇದ್ದಾಗ ಒಮ್ಮೆ, ಹೊರಬೇಕಾದಷ್ಟು ಹೇರಿ ಇನ್ನೊಮ್ಮೆ. ಹೇರಿದ ಮೇಲೆ, ಹೌಸಿಂಗ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪರಿನ ರಬ್ಬರಿಗೂ ಹೌಸಿಂಗಿಗೂ ನಡುವೆ ಉಳಿಯುವ ಜಾಗವೇ ಗಾಡಿಯ ನಿಜವಾದ ಎತ್ತರ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರಕ್ಕೂ ತಾಳೆಯಾಗದಂತೆ ವಾಹನವನ್ನು ಮಾಲೀಕ ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಪ್ಲೇಟ್ ಸೇರಿಸಿ ಏರಿಸುವವರು ಇದರಿಂದ ಹೊರಗಿದ್ದೇವೆಂದು ತಿಳಿಯಬೇಕಿಲ್ಲ. ಎಷ್ಟು ಪ್ಲೇಟ್ ಸೇರಿಸಿದರೂ ಪತ್ರದಲ್ಲಿರುವ ಹೊರೆಯ ಮಿತಿ ಒಂದು ಕಿಲೋ ಕೂಡ ಏರುವುದಿಲ್ಲ. ಮಿತಿಮೀರಿದ ಹೊರೆಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಬೇರೆ. ಎಂಟು ವರ್ಷ ದಾಟಿದ ಸರಕು ಗಾಡಿ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆಗೆ ನಿಲ್ಲಬೇಕು, ಅಲ್ಲಿ ಕೊರೆದ ಚಾಸಿಯನ್ನು ಬಣ್ಣ ಹಚ್ಚಿ ಮುಚ್ಚಿಡಲಾಗದು.

ಬೆಂಗಳೂರಿನಲ್ಲಿ ಹಳೇ ಪಿಕಪ್ಪಿನ ಬುಶ್, ಶ್ಯಾಕಲ್, ಸೆಂಟರ್ ಬೋಲ್ಟಿಗೆ ಜೆ.ಸಿ. ರಸ್ತೆ, ಬಿಚ್ಚಿದ ಗಾಡಿಯ ಭಾಗಗಳಿಗೆ ಶಿವಾಜಿನಗರ, ಲೇತ್ ಕೆಲಸಕ್ಕೆ ಪೀಣ್ಯ. ದುಡಿಯುವ ಗಾಡಿಯನ್ನು ಇಳಿಸಬಾರದು, ಅದರಲ್ಲಿ ಎರಡು ಮಾತಿಲ್ಲ. ಹೊರೆಯಿಂದ ನಿವೃತ್ತಿಯಾಗಿ ಭಾನುವಾರಕ್ಕೊಮ್ಮೆ ಹೊರಬರುವ ಹಳೇ ಪಿಕಪ್ಪನ್ನು, ಅನುಮತಿಯ ಮಾತು ಸಾರಿಗೆ ಕಚೇರಿಯಲ್ಲಿ ಮೊದಲು ಕೇಳಿಕೊಂಡು, ಚಾಸಿ ಮುಟ್ಟದೆ, ಹೊಸ ಪಟ್ಟಾ ಮಾಡಿಸಿ ಎರಡು ಇಂಚಿನೊಳಗೆ ಇಳಿಸಿದರೆ ಗಾಡಿ ತಿರುವುಗಳಲ್ಲಿ ಮೊದಲಿಗಿಂತ ಚೆನ್ನಾಗಿ ನಿಲ್ಲುತ್ತದೆ. ಬಿಚ್ಚಿದ ಯು ಬೋಲ್ಟನ್ನು ಮತ್ತೆ ಹಾಕಬೇಡಿ, ಹೊಸದನ್ನೇ ಹಾಕಿಸಿ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಅದರ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.